ಹಳೆಯ ಕಾರಿಗೆ ಡಿಸ್ಕ್ ಬ್ರೇಕ್: ಸ್ಪ್ಯಾನರ್ ಹಿಡಿಯುವ ಮೊದಲು ಕಾನೂನು ತಿಳಿಯಿರಿ

ಮನೆಯ ಶೆಡ್ಡಿನಲ್ಲಿ 1968ರಲ್ಲಿ ನೋಂದಣಿಯಾದ ಫಿಯಟ್ 1100 ಒಂದಿದೆ ಎಂದಿಟ್ಟುಕೊಳ್ಳಿ. ತಾತ ಕೊಂಡ ಕಾರು. ‘ಎಂವೈ’ ಎಂದು ಶುರುವಾಗುವ ಹಳೆಯ ಮೈಸೂರು ರಾಜ್ಯದ ನಂಬರು ಇನ್ನೂ ಅದರ ಮೇಲಿದೆ. ಮೊಮ್ಮಗ ಇಂಜಿನ್ ಸರಿಪಡಿಸಿ, ಸ್ಪ್ರಿಂಗ್ ಬದಲಿಸಿ ಕಾರನ್ನು ಎರಡು ಇಂಚು ತಗ್ಗಿಸಿದ್ದಾನೆ. ಈಗ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಬೇಕೆಂಬ ಯೋಚನೆ ಬಂದಿದೆ.

ಈ ಯೋಚನೆಗೆ ಗಟ್ಟಿ ಕಾರಣವಿದೆ. ಆ ಕಾಲದ ಫಿಯಟ್ಟಿಗಾಗಲಿ ಅಂಬಾಸಿಡರಿಗಾಗಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ಮತ್ತೆಮತ್ತೆ ಬ್ರೇಕ್ ಒತ್ತುತ್ತಾ ಬಂದರೆ ಡ್ರಮ್ ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಪೆಡಲ್ ಕೆಳಗಿಳಿಯುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಡಿಸ್ಕ್ ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ. ಜೀವದ ಪ್ರಶ್ನೆ ಬಂದಾಗ ಡಿಸ್ಕೇ ಮೇಲು. ಆದರೆ ಒಳ್ಳೆಯ ಉದ್ದೇಶದ ಕೆಲಸವನ್ನೂ ಕಾನೂನಿಗೆ ಹೇಳದೆ ಮಾಡಿದರೆ ನಾಳೆ ತೊಂದರೆಗೆ ಸಿಕ್ಕಿಕೊಳ್ಳುವವರು ನೀವೇ.

ಕಲಂ 52 ಏನು ಹೇಳುತ್ತದೆ?

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52 ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. ನೋಂದಣಿ ಪತ್ರದಲ್ಲಿ (ಆರ್‌ಸಿ) ಇರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿ ಮಾಡಿದ ವಿವರಗಳಿಗಿಂತ ಬೇರೆಯಾಗುವಂತೆ ಯಾವ ಮಾಲೀಕನೂ ವಾಹನವನ್ನು ಬದಲಿಸಬಾರದು ಎಂಬುದು ಅದರ ಸಾರ. ‘ಮಾರ್ಪಾಡು’ ಎಂದರೆ ವಾಹನದ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಬದಲಾವಣೆ ಎಂದು ಅದೇ ಕಲಂ ವಿವರಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಕೆ. ಜಯಚಂದ್ರ ಪ್ರಕರಣದಲ್ಲಿ ಈ ಕಲಮನ್ನು ಬಿಗಿಯಾಗಿ ಓದಿತು. ತಯಾರಕರ ಮೂಲ ನಿರ್ದಿಷ್ಟತೆಯನ್ನು ಮೀರುವಂತಿಲ್ಲ, ರಾಜ್ಯದ ನಿಯಮಗಳೂ ಇದಕ್ಕಿಂತ ದೊಡ್ಡವಲ್ಲ ಎಂದಿತು.

ಹಾಗಾದರೆ ಡಿಸ್ಕ್ ಬ್ರೇಕ್ ಎಲ್ಲಿ ನಿಲ್ಲುತ್ತದೆ? ಆರ್‌ಸಿಯಲ್ಲಿ ಇಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆ, ಸಿಸಿ, ವೀಲ್‌ಬೇಸ್, ಆಸನ, ಇಂಧನ, ಬಣ್ಣ ಇವೆಲ್ಲ ಇರುತ್ತವೆ. ಬ್ರೇಕ್ ಯಾವ ಬಗೆಯದು ಎಂಬ ಕಾಲಂ ಇಲ್ಲ. ಚಾಸಿಸ್ಸಿಗೆ ಕೈಹಚ್ಚದೆ, ಬೋಲ್ಟ್ ಬಿಗಿದು ಕೂರಿಸುವ ಬ್ರೇಕನ್ನು ರಚನೆಯ ಬದಲಾವಣೆ ಅನ್ನಲಾಗದು ಎಂದು ವಾದಿಸಲು ಇಲ್ಲಿ ಜಾಗವಿದೆ. ಆದರೆ ವಾದಕ್ಕೆ ಜಾಗವಿರುವುದು ಬೇರೆ, ಅನುಮತಿ ಇರುವುದು ಬೇರೆ. ಕಾಯ್ದೆಯ ಕಲಂ 182ಎ(4) ಬಿಡಿಭಾಗ ಜೋಡಿಸಿ ಮಾಡುವ ಮಾರ್ಪಾಡನ್ನೂ ಒಳಗೊಳ್ಳುತ್ತದೆ. ಕಾನೂನು ಒಪ್ಪದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ‘ಪ್ರತಿ ಮಾರ್ಪಾಡಿಗೆ’ ಎಂಬ ಮಾತನ್ನು ಗಮನಿಸಿ. ಕಾರು ತಗ್ಗಿಸಿದ್ದು ಒಂದು, ಬ್ರೇಕ್ ಬದಲಿಸಿದ್ದು ಇನ್ನೊಂದು ಎಂದು ಎಣಿಸಬಹುದು.

ಇನ್ನು ಚಾಸಿಸ್ ಕತ್ತರಿಸುವುದು, ಮುಂಚಕ್ರ ತಿರುಗಿಸುವ ಸ್ಟೀರಿಂಗ್ ನಕಲ್ಲಿಗೆ ವೆಲ್ಡಿಂಗ್ ಹೊಡೆಯುವುದು, ಕಾರು ಇನ್ನಷ್ಟು ಕೆಳಗಿಳಿಯಲೆಂದು ಚೌಕಟ್ಟನ್ನು ಕೊರೆಯುವುದು: ಇವನ್ನು ಮಾಡಲೇಬೇಡಿ. ಕಾನೂನಿಗೂ ಅವು ಒಗ್ಗುವುದಿಲ್ಲ, ಕಾರಿನ ಗಟ್ಟಿತನಕ್ಕೂ ಒಗ್ಗುವುದಿಲ್ಲ.

ವಿಂಟೇಜ್ ನಂಬರು ಬೇಕೇ?

ಹೆಚ್ಚಿನವರು ಈ ಪ್ರಶ್ನೆಯನ್ನು ಕೆಲಸವೆಲ್ಲ ಮುಗಿದ ಮೇಲೆ ಕೇಳುತ್ತಾರೆ. ಕೇಳಬೇಕಾದದ್ದು ಮೊದಲೇ.

2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ಕುರಿತು 81ಎ ಮತ್ತು ಅದರ ಮುಂದಿನ ನಿಯಮಗಳು ಸೇರಿದವು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳು ಇದರಡಿ ಬರುತ್ತವೆ. ವಾಹನ ಮೂಲ ರೂಪದಲ್ಲಿರಬೇಕು. ಚಾಸಿಸ್, ಬಾಡಿ ಶೆಲ್ ಅಥವಾ ಇಂಜಿನ್ ಬದಲಿಸುವಂಥ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000. ಅವಧಿ 10 ವರ್ಷ. ಹೊಸದಾಗಿ ನಂಬರು ಕೊಟ್ಟರೆ ರಾಜ್ಯದ ಸಂಕೇತದ ನಂತರ ‘ವಿಎ’ ಅಕ್ಷರಗಳು ಬರುತ್ತವೆ. ಈಗಾಗಲೇ ನೋಂದಣಿ ಇರುವ ವಾಹನ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಎಂದರೆ ತಾತನ ಎಂವೈ ಫಲಕ ಇಳಿಸಬೇಕಾಗಿಲ್ಲ.

ಇದಕ್ಕೊಂದು ಕಟ್ಟುಪಾಡೂ ಇದೆ. ವಿಂಟೇಜ್ ನೋಂದಣಿಯ ಕಾರನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಮತ್ತು ದುರಸ್ತಿಗಷ್ಟೇ ರಸ್ತೆಗಿಳಿಸಬಹುದು.

ಆದ್ದರಿಂದ ದಾರಿ ಎರಡು. ಭಾನುವಾರ ಮನೆಮಂದಿಯನ್ನು ಕೂರಿಸಿಕೊಂಡು ಓಡಾಡಬೇಕೆಂದರೆ ಸಾಮಾನ್ಯ ಆರ್‌ಸಿಯಲ್ಲೇ ಉಳಿಯಿರಿ; ಖಾಸಗಿ ಕಾರಿಗೆ ಮೊದಲ 15 ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಣ. ಅಲ್ಲಿ ಬ್ರೇಕಿನ ಸಾಮರ್ಥ್ಯಕ್ಕೆ ಬೆಲೆ ಹೆಚ್ಚು. ಕಾರನ್ನು ಪರಂಪರೆಯಾಗಿ ಕಾಪಾಡಬೇಕೆಂದರೆ ವಿಂಟೇಜ್ ನೋಂದಣಿಗೆ ಹೋಗಿ. ಅಲ್ಲಿ ಮೂಲ ರೂಪಕ್ಕೇ ಬೆಲೆ. ಇಂಥ ವಾಹನಗಳನ್ನು ಪರಿಶೀಲಿಸಲು ರಾಜ್ಯ ನೇಮಿಸುವ ಸಮಿತಿ ಕಾರು ನೋಡುವಾಗ ತಗ್ಗಿಸಿದ ಸಸ್ಪೆನ್ಷನ್ ಮತ್ತು ಡಿಸ್ಕನ್ನು ಹಿಡಿಯುವ ಹೊಸ ಕ್ಯಾಲಿಪರ್ ಎರಡೂ ಪ್ರಶ್ನೆಗೆ ಗುರಿಯಾಗಬಹುದು.

ಅನುಮತಿ ಕೇಳುವ ಕ್ರಮ

1. ನಿಮ್ಮ ವಾಸಸ್ಥಳದ ವ್ಯಾಪ್ತಿಯ ನೋಂದಣಿ ಪ್ರಾಧಿಕಾರಿಗೆ, ಅಂದರೆ ಆರ್‌ಟಿಓಗೆ, ಅರ್ಜಿ ಬರೆಯಿರಿ. ಯಾವ ಭಾಗ ತೆಗೆಯುತ್ತೀರಿ, ಯಾವುದು ಹಾಕುತ್ತೀರಿ, ಏಕೆ ಎಂಬುದನ್ನು ಸರಳವಾಗಿ ಹೇಳಿ. ಕಾರನ್ನು ಈಗಾಗಲೇ ತಗ್ಗಿಸಿದ್ದರೆ ಮುಚ್ಚಿಡಬೇಡಿ.

2. ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರದ ಪ್ರತಿಗಳು, ಕಾರಿನ ಫೋಟೊಗಳು, ಬಿಡಿಭಾಗಗಳ ಪಟ್ಟಿ, ಚಾಸಿಸ್ ಕತ್ತರಿಸುವುದಿಲ್ಲ ಎಂಬ ಗ್ಯಾರೇಜಿನ ಪತ್ರ ಲಗತ್ತಿಸಿ. ಸಾಲದ ಕಾರಾದರೆ ಸಾಲ ಕೊಟ್ಟವರ ಒಪ್ಪಿಗೆಯೂ ಬೇಕು.

3. ಮೊಹರು ಹಾಕಿದ ಸ್ವೀಕೃತಿ ಪಡೆಯಿರಿ. ರಾಜ್ಯದ ಕಾಲಮಿತಿಯ ಸೇವಾ ಯೋಜನೆ ‘ಸಕಾಲ’ದ ವ್ಯಾಪ್ತಿಯ ಸೇವೆಯಾದರೆ ಅರ್ಜಿ ಗುರುತಿಸುವ ಜಿಎಸ್‌ಸಿ ಸಂಖ್ಯೆ ಕೇಳಿ.

4. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ನಿಮ್ಮ ಅರ್ಜಿಯ ಸ್ಥಿತಿ ಕೇಳಿ. 30 ದಿನಗಳಲ್ಲಿ ಉತ್ತರ ಕೊಡುವುದು ಕಚೇರಿಯ ಹೊಣೆ.

5. ಒಪ್ಪಿಗೆ ಸಿಕ್ಕಿ ಕೆಲಸ ಮುಗಿದ ಮೇಲೆ 14 ದಿನಗಳೊಳಗೆ ಅದೇ ಪ್ರಾಧಿಕಾರಿಗೆ ಆರ್‌ಸಿ ಸಮೇತ ವರದಿ ಮಾಡಿ.

ಅರ್ಜಿ ತಿರಸ್ಕಾರವಾದರೆ ಕಾರಣ ಬರೆದ ಆದೇಶದ ಪ್ರತಿ ಕೇಳಿ. ಮೋಟಾರು ವಾಹನಗಳ ಕಾಯ್ದೆಯ ಕಲಂ 57ರ ಪ್ರಕಾರ ಆದೇಶ ತಲುಪಿದ 30 ದಿನಗಳಲ್ಲಿ ಮೇಲ್ಮನವಿ ಸಲ್ಲಿಸುವ ಹಕ್ಕು ನಿಮಗಿದೆ. ಕಾರು ಅಪಾಯಕಾರಿ ಎಂದು ಕಲಂ 53ರಡಿ ನೋಂದಣಿ ಅಮಾನತು ಮಾಡುವ ಮುನ್ನವೂ ನಿಮ್ಮ ಅಹವಾಲು ಕೇಳಲೇಬೇಕು.

ಗ್ಯಾರೇಜಿನಲ್ಲಿ ಏನು ನೋಡಬೇಕು?

ಅರ್ಧಂಬರ್ಧ ಹಾಕಿದ ಡಿಸ್ಕ್ ಹಳೆಯ ಡ್ರಮ್ಮಿಗಿಂತ ಅಪಾಯ. ಡಿಸ್ಕಿಗೆ ಹೆಚ್ಚು ಒತ್ತಡ, ಹೆಚ್ಚು ಬ್ರೇಕ್ ಆಯಿಲ್ ಬೇಕು. ಹಳೆಯ ಮಾಸ್ಟರ್ ಸಿಲಿಂಡರ್ ಸಾಲದು. ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಹಾಕಿಸಿದರೆ ಒಂದು ಪೈಪು ಒಡೆದರೂ ಇನ್ನೊಂದು ಕೈಹಿಡಿಯುತ್ತದೆ. ಡ್ರಮ್ಮಿಗೆಂದು ಲೈನಿನಲ್ಲಿ ಒತ್ತಡ ಹಿಡಿದಿಡುವ ವಾಲ್ವು ಡಿಸ್ಕ್ ಕಡೆ ಉಳಿದರೆ ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಹಿಂಚಕ್ರಗಳು ಮೊದಲು ಲಾಕ್ ಆಗದಂತೆ ಒತ್ತಡ ಹಂಚಿಕೆ ಸರಿಯಾಗಿರಬೇಕು. ತಗ್ಗಿಸಿದ ಕಾರಿನಲ್ಲಿ ಇನ್ನೊಂದು ಪರೀಕ್ಷೆ ಕಡ್ಡಾಯ: ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ರಬ್ಬರ್ ಹೋಸ್ ಎಲ್ಲಿಯೂ ಎಳೆಯಬಾರದು, ಉಜ್ಜಬಾರದು, ಕ್ಯಾಲಿಪರ್ ರಿಮ್ಮಿಗೆ ತಾಗಬಾರದು. ಕೈಬ್ರೇಕ್ ಮೊದಲಿನಷ್ಟೇ ಬಲವಾಗಿ ಹಿಡಿಯಬೇಕು.

ಭಾಗದ ಹೆಸರು, ಕೂಲಿ, ಖಾತರಿ ಎಲ್ಲವೂ ಇರುವ ಬಿಲ್ ಪಡೆಯಿರಿ. ಕಳಪೆ ಕೆಲಸವು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಸೇವಾ ನ್ಯೂನತೆ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ವಿಮೆಗೆ ತಿಳಿಸದಿದ್ದರೆ?

ಬ್ರೇಕ್ ಬದಲಿಸಿದ ವಿಷಯವನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ಪಾಲಿಸಿಯಲ್ಲಿ ಸೇರಿಸಿಕೊಂಡದ್ದಕ್ಕೆ ಪತ್ರ ಪಡೆಯಿರಿ. ಅಪಘಾತವಾದರೆ ಮೋಟಾರು ವಾಹನ ನಿರೀಕ್ಷಕರು ಕಾರಿನ ಯಾಂತ್ರಿಕ ಸ್ಥಿತಿಯನ್ನು ಪರೀಕ್ಷಿಸುತ್ತಾರೆ. ಹೊಸ ಬ್ರೇಕ್ ಅಲ್ಲಿ ಕಣ್ಣಿಗೆ ಬಿದ್ದೇ ಬೀಳುತ್ತದೆ. ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ಪಾಲಿಸಿ ಪಡೆದರೆಂಬ ತಕರಾರನ್ನು ಮೂರನೆಯವರ ಪರಿಹಾರದ ಪ್ರಕರಣದಲ್ಲೂ ಎತ್ತಲು ಮೋಟಾರು ವಾಹನಗಳ ಕಾಯ್ದೆಯ ಕಲಂ 150 ಕಂಪನಿಗೆ ಅವಕಾಶ ಕೊಟ್ಟಿದೆ. ದೋಷವಿರುವ ವಾಹನ ಓಡಿಸಿ ಯಾರಿಗಾದರೂ ಗಾಯವಾದರೆ ಕಲಂ 190ರಡಿ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಕಂಪನಿ ಕ್ಲೇಮನ್ನು ತಪ್ಪಾಗಿ ನಿರಾಕರಿಸಿದ್ದರೆ ಒಂದು ವರ್ಷದೊಳಗೆ ವಿಮಾ ಲೋಕಪಾಲರಿಗೆ ದೂರು ಸಲ್ಲಿಸಿ.

ರಸ್ತೆಯಲ್ಲಿ ತಡೆದಾಗ

ಸಮಾಧಾನದಿಂದ ದಾಖಲೆ ತೋರಿಸಿ. ಡಿಜಿಲಾಕರಿನ ಆರ್‌ಸಿ ಸಾಕು. ಅನುಮತಿ ಪತ್ರದ ಪ್ರತಿ ಕಾರಿನಲ್ಲೇ ಇರಲಿ. ದಂಡ ಹಾಕಿದರೆ ಯಾವ ಕಲಂ ಎಂದು ಕೇಳಿ, ರಸೀದಿ ಪಡೆಯಿರಿ. ಸ್ಥಳದಲ್ಲೇ ದಂಡ ಕಟ್ಟಿ ಮುಗಿಸುವುದು ನಿಮ್ಮ ಆಯ್ಕೆ. ಒಪ್ಪದಿದ್ದರೆ ನ್ಯಾಯಾಲಯದಲ್ಲಿ ಹೇಳಿಕೊಳ್ಳಬಹುದು. ದಾಖಲೆ ವಶಕ್ಕೆ ಪಡೆದರೆ ಸ್ವೀಕೃತಿ ಕೇಳಲು ಮರೆಯಬೇಡಿ.

ಕೊನೆಗೊಂದು ಮಾತು. ಬಿಚ್ಚಿದ ಡ್ರಮ್, ಶೂ, ಹಳೆಯ ಸ್ಪ್ರಿಂಗ್ ಯಾವುದನ್ನೂ ಗುಜರಿಗೆ ಹಾಕಬೇಡಿ. ಗ್ರೀಸ್ ಸವರಿ, ಗೋಣಿಚೀಲದಲ್ಲಿ ಕಟ್ಟಿ, ಚೀಟಿ ಅಂಟಿಸಿ ಅದೇ ಶೆಡ್ಡಿನಲ್ಲಿಡಿ. ನಾಳೆ ಸಮಿತಿ ಮೂಲ ರೂಪ ಬೇಕೆಂದರೆ, ಅಥವಾ ನಿಮ್ಮ ಮಕ್ಕಳು ತಾತನ ಕಾರನ್ನು ತಾತನ ಕಾಲದಂತೆಯೇ ನೋಡಬೇಕೆಂದರೆ, ಒಂದು ದಿನದ ಕೆಲಸದಲ್ಲಿ ಅದು ಹಿಂದಿನಂತಾಗಬೇಕು. ಆ ಚೀಲದ ಜೊತೆಗೆ ಅರ್ಜಿ, ಸ್ವೀಕೃತಿ, ಬಿಲ್ಲುಗಳ ಫೈಲೂ ಇದ್ದರೆ ಕಾರು ಕೈಬದಲಾದರೂ ಅದರ ಕತೆ ಕಳೆದುಹೋಗುವುದಿಲ್ಲ.