ಮೇಲೆ ಮಂಜುಗಡ್ಡೆ, ಕೆಳಗೆ ಹುಳಿ ಮೊಸರು

ಪ್ರಶ್ನೆ: ನಮ್ಮದು ಸಿರುಗುಪ್ಪ ತಾಲ್ಲೂಕಿನ ರಾರಾವಿ. ಮನೆಯಲ್ಲಿ ಆರು ವರ್ಷದ ಡಬಲ್ ಡೋರ್ ಫ್ರಿಜ್ ಇದೆ. ಒಂದೆರಡು ತಿಂಗಳಿಂದ ಮೇಲೆ ಫ್ರೀಜರಿನಲ್ಲಿ ಐಸ್ ಆಗುತ್ತದೆ, ಕೆಳಗೆ ಮಾತ್ರ ತಂಪೇ ಇಲ್ಲ. ರಾತ್ರಿ ಇಟ್ಟ ಮೊಸರು ಬೆಳಿಗ್ಗೆ ಹುಳಿ. ರಿಪೇರಿಯವರು ಬಂದು ಗ್ಯಾಸ್ ಹೋಗಿದೆ ಎಂದು ತುಂಬಿಸಿ ಹೋದರು. ಹತ್ತು ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಹಾಡು. ಈಗ ಇನ್ನೊಂದು ಸಲ ಗ್ಯಾಸ್ ಹಾಕಬೇಕಂತೆ. ನಾನು ಪದೇ ಪದೇ ಬಾಗಿಲು ತೆಗೆಯುವುದಕ್ಕೇ ಕೆಟ್ಟಿತು ಅಂತ ಅತ್ತೆ ದಿನಾ ಅಂತಾರೆ. ಮಗ ಕಂತಿನ ಮೇಲೆ ಹೊಸದು ತರೋಣ ಅಂತಾನೆ. ಅತ್ತೆಯ ಇನ್ಸುಲಿನ್ ಕೂಡ ಅದರಲ್ಲೇ ಇರುತ್ತದೆ. ಏನು ಮಾಡಲಿ?
– ಹೆಸರು ಬೇಡ, ರಾರಾವಿ

ಉತ್ತರ: ಅಕ್ಕಾವ್ರೇ, ಮೊದಲು ಇನ್ಸುಲಿನ್ ವಿಚಾರ. ಈ ಪತ್ರಿಕೆ ಕೆಳಗಿಟ್ಟು ಅದನ್ನು ಪಕ್ಕದ ಮನೆಯ ಫ್ರಿಜ್ಜಿಗೆ ಸಾಗಿಸಿ. ಸೀಲ್ ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಕೆಳಗೆ ತಂಪಿಲ್ಲವೆಂದು ಮೇಲೆ ಫ್ರೀಜರಿನಲ್ಲಿ ಮಾತ್ರ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಇಷ್ಟು ದಿನ ಬಿಸಿಯಲ್ಲೇ ಕಳೆದ ಬಾಟಲಿಯನ್ನು ಮತ್ತೆ ಚುಚ್ಚುವ ಮುಂಚೆ ಡಾಕ್ಟರನ್ನು ಕೇಳಿ, ಅತ್ತೆಯವರ ಶುಗರ್ ಒಮ್ಮೆ ನೋಡಿಸಿ.

ಇನ್ನು ಫ್ರಿಜ್. ಎರಡನೇ ಸಲ ಗ್ಯಾಸಿಗೆ ದುಡ್ಡು ಕೊಡಬೇಡಿ. ನೀವು ಬರೆದ ಲಕ್ಷಣಗಳೆಲ್ಲ ಬೊಟ್ಟು ಮಾಡುವುದು ಡಿಫ್ರಾಸ್ಟ್ ಕಡೆಗೆ.

ಡಬಲ್ ಡೋರ್ ಫ್ರಿಜ್ಜಿನಲ್ಲಿ ಸಾಮಾನ್ಯವಾಗಿ ತಂಪು ಮಾಡುವ ಕಾಯಿಲ್ ಒಂದೇ. ಅದು ಫ್ರೀಜರಿನ ಹಿಂಬದಿಯ ಪ್ಲೇಟಿನ ಮರೆಯಲ್ಲಿರುತ್ತದೆ. ಅಲ್ಲಿಂದ ಒಂದು ಸಣ್ಣ ಫ್ಯಾನ್ ತಂಪುಗಾಳಿಯನ್ನು ಕೆಳಗಿನ ಅರೆಗೆ ತಳ್ಳುತ್ತದೆ. ಗಾಳಿಯ ತೇವವೆಲ್ಲ ಆ ಕಾಯಿಲಿನ ಮೇಲೆ ಹಿಮವಾಗಿ ಕೂರುವುದರಿಂದ, ಕಂಪ್ರೆಸರ್ ಎಂಟು–ಹನ್ನೆರಡು ಗಂಟೆ ಓಡಿದ ಮೇಲೊಮ್ಮೆ ತಾನಾಗಿ ನಿಲ್ಲುತ್ತದೆ. ಕಾಯಿಲಿನ ಕೆಳಗಿನ ಹೀಟರ್ ಇಪ್ಪತ್ತು–ಮೂವತ್ತು ನಿಮಿಷ ಉರಿದು ಹಿಮ ಕರಗಿಸುತ್ತದೆ. ನೀರು ಒಂದು ತೂತಿನಿಂದ ಇಳಿದು ಹಿಂದೆ ಕಂಪ್ರೆಸರ್ ಮೇಲಿನ ತಟ್ಟೆ ಸೇರಿ ಅಲ್ಲೇ ಆರಿಹೋಗುತ್ತದೆ. ಡಿಫ್ರಾಸ್ಟ್ ಎನ್ನುವ ಈ ಕೆಲಸ ನಿಂತಿತೋ, ಕಾಯಿಲಿನ ಸಂದಿಗಳೆಲ್ಲ ಮಂಜುಗಡ್ಡೆಯಿಂದ ತುಂಬಿ ಗಾಳಿಗೆ ದಾರಿಯೇ ಇರದು. ಕಾಯಿಲಿನ ಪಕ್ಕದಲ್ಲೇ ಇರುವ ಫ್ರೀಜರ್ ತಣ್ಣಗಿರುತ್ತದೆ, ಕೆಳಗೆ ಮೊಸರು ಹುಳಿಯಾಗುತ್ತದೆ.

ಗ್ಯಾಸ್ ಕಡಿಮೆಯಾದರೆ ಫ್ರೀಜರಿನ ತಂಪೂ ಕುಂದುತ್ತದೆ. ಪ್ಲೇಟು ಬಿಚ್ಚಿಸಿ ನಿಮ್ಮ ಕಣ್ಣಾರೆ ನೋಡಿ. ಕಾಯಿಲಿನ ಒಂದು ತುದಿ ಮಾತ್ರ ಬೆಳ್ಳಗಾಗಿ ಉಳಿದದ್ದು ಬೋಳಾಗಿದ್ದರೆ ಗ್ಯಾಸಿನ ಮಾತು ನಂಬಬಹುದು. ಮೇಲಿಂದ ಕೆಳತನಕ ಒಂದೇ ಸಮ ದಪ್ಪ ಹಿಮ ಕೂತಿದ್ದರೆ ಅದು ಡಿಫ್ರಾಸ್ಟ್ ಕೆಟ್ಟ ಗುರುತು. ಇಷ್ಟಕ್ಕೂ ಗ್ಯಾಸ್ ಬಳಸಿದಷ್ಟೂ ತೀರುವ ವಸ್ತುವಲ್ಲ. ಎಲ್ಲೋ ಸೋರಿದರಷ್ಟೇ ಹೋಗುತ್ತದೆ. ಸೋರಿಕೆ ಹುಡುಕಿ ಬೆಸುಗೆ ಹಾಕದೆ ಗ್ಯಾಸ್ ತುಂಬಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ, ಹೊಳೆ ನಿಮ್ಮೂರ ಹಗರಿಯೇ ಆದರೂ ಸರಿ.

ಹಾಗಾದರೆ ಹತ್ತು ದಿನ ಹೇಗೆ ಸರಿಯಿತ್ತು? ಗ್ಯಾಸ್ ತುಂಬಿಸುವಾಗ ಫ್ರಿಜ್ಜನ್ನು ಗಂಟೆಗಟ್ಟಲೆ ಆಫ್ ಮಾಡಿ ಬಾಗಿಲು ತೆಗೆದಿಟ್ಟಿರುತ್ತಾರೆ. ಕಟ್ಟಿದ್ದ ಮಂಜುಗಡ್ಡೆ ಕರಗಿತು, ಗಾಳಿ ಆಡಿತು. ಮತ್ತೆ ಕಟ್ಟಲು ಹತ್ತು ದಿನ ಹಿಡಿಯಿತು.

ಖಚಿತವಾಗಬೇಕಿದ್ದರೆ ಮನೆಯಲ್ಲೇ ನೋಡಿ. ಪ್ಲಗ್ ಕಿತ್ತು, ಒಳಗಿನದೆಲ್ಲ ತೆಗೆದು, ಎರಡೂ ಬಾಗಿಲು ತೆರೆದು, ಕೆಳಗೆ ಹಳೆಯ ಬಟ್ಟೆ ಹಾಸಿ ಒಂದು ಪೂರ್ತಿ ಹಗಲು ರಾತ್ರಿ ಬಿಡಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಐಸ್ ಕೆತ್ತಬೇಡಿ, ಕಾಯಿಲ್ ತೂತಾಗಿ ಗ್ಯಾಸ್ ಸೋರೀತು. ಈಚಿನ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಇರುವುದು ಆರ್-600ಎ, ಬೆಂಕಿ ಹತ್ತುವ ಗ್ಯಾಸ್. ಹಿಂಬದಿಯ ಚೀಟಿಯಲ್ಲಿ ಬರೆದಿರುತ್ತದೆ. ಮರುದಿನ ಹಾಕಿದಾಗ ಚೆನ್ನಾಗಿ ಓಡಿ, ವಾರ ಹತ್ತು ದಿನಕ್ಕೆ ಕೆಳಗೆ ಮತ್ತೆ ಬಿಸಿಯಾದರೆ ಅನುಮಾನವೇ ಬೇಡ. ಐಸ್ ತಳದಲ್ಲಷ್ಟೇ ಕಟ್ಟಿ, ಕೆಳಗಿನ ಅರೆಯಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ಮುಚ್ಚಿರುವುದು ನೀರಿಳಿಯುವ ತೂತು. ಸಿರಿಂಜಿನಿಂದ ಉಗುರುಬೆಚ್ಚಗಿನ ನೀರು ಬಿಟ್ಟರೆ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ.

ಮುಂದಿನದು ಮೆಕ್ಯಾನಿಕ್ ಕೆಲಸ. ನೋಡಬೇಕಾದ್ದು ಹೀಟರ್, ಬೈಮೆಟಲ್, ಥರ್ಮಲ್ ಫ್ಯೂಸ್ ಮತ್ತು ಟೈಮರ್. ಹೊಸ ಮಾಡೆಲುಗಳಲ್ಲಿ ಟೈಮರ್ ಬದಲಿಗೆ ಬೋರ್ಡ್, ಕೆಲವದರಲ್ಲಿ ಬೈಮೆಟಲ್ ಜಾಗದಲ್ಲಿ ಸೆನ್ಸರ್. ಟೈಮರ್ ಇದ್ದರೆ ಪರೀಕ್ಷೆ ಸುಲಭ. ಅದರ ತಿರುಪನ್ನು ಟಕ್ ಎನ್ನುವವರೆಗೆ ಮೆಲ್ಲಗೆ ತಿರುಗಿಸಿದರೆ ಕಂಪ್ರೆಸರ್ ನಿಂತು ಹೀಟರ್ ಹತ್ತಬೇಕು, ಕಾಯಿಲಿನಲ್ಲಿ ಹಿಮವಿದ್ದರೆ ಸ್ವಲ್ಪ ಹೊತ್ತಿಗೆ ಹನಿ ಬಿದ್ದು ಚುಯ್ ಎನ್ನುವುದು ಕೇಳಬೇಕು. ಕೇಳಿದರೆ ಹೀಟರ್ ಬದುಕಿದೆ, ತಾನಾಗಿ ತಿರುಗದ ಟೈಮರೇ ಸತ್ತಿದೆ. ಬೈಮೆಟಲ್ ವಿಷಯದಲ್ಲಿ ಕಣ್ಣಿಡಿ: ಅದು ತಣ್ಣಗಿದ್ದಾಗ ಮಾತ್ರ ಕರೆಂಟು ಬಿಡುತ್ತದೆ. ಬಿಚ್ಚಿ ರಾರಾವಿಯ ಬಿಸಿಲಲ್ಲಿ ಮೀಟರ್ ಹಚ್ಚಿದರೆ ಒಳ್ಳೆಯದೂ ಕೆಟ್ಟದ್ದೆಂದೇ ತೋರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇನ್ನೊಂದು ಫ್ರೀಜರಿನಲ್ಲಿ ಸ್ವಲ್ಪ ಹೊತ್ತಿಟ್ಟು ನೋಡಲು ಹೇಳಿ.

‘ಬೈಮೆಟಲ್ ಬೇಡ, ಡೈರೆಕ್ಟ್ ಮಾಡಿಕೊಡ್ತೀನಿ’ ಎಂದರೆ ಖಂಡಿತ ಒಪ್ಪಬೇಡಿ. ಬೈಮೆಟಲ್ ಮತ್ತು ಫ್ಯೂಸ್ ಹೀಟರಿನ ಕಾವಲು. ಅವನ್ನು ತೆಗೆದು ವೈರಿಗೆ ವೈರ್ ಸೇರಿಸಿದರೆ ಐಸ್ ಕರಗಿದ ಮೇಲೂ ಹೀಟರ್ ಉರಿಯುತ್ತಲೇ ಇದ್ದು ಪ್ಲಾಸ್ಟಿಕ್ ಕರಗಬಹುದು, ಬೆಂಕಿಗೂ ದಾರಿಯಾದೀತು.

ಇದರ ನಡುವೆ ಕರೆಂಟಿನ ಕಡೆಗೂ ಒಮ್ಮೆ ನೋಡಿ. ವೋಲ್ಟೇಜ್ ಇಳಿದಾಗ ಹೀಟರಿನ ಕಾವು ಅದಕ್ಕಿಂತ ಜೋರಾಗಿ ಇಳಿಯುತ್ತದೆ. 230 ವೋಲ್ಟಿನಲ್ಲಿ 150 ವ್ಯಾಟ್ ಕೊಡುವ ಹೀಟರ್ 180 ವೋಲ್ಟಿನಲ್ಲಿ ಕೊಡುವುದು ಸುಮಾರು 92 ಮಾತ್ರ. ಗೊತ್ತುಪಡಿಸಿದ ಹೊತ್ತಿನಲ್ಲಿ ಹಿಮ ಪೂರ್ತಿ ಕರಗದೆ ದಿನದಿನವೂ ಸ್ವಲ್ಪ ಸ್ವಲ್ಪ ಉಳಿದು ಗಡ್ಡೆಯಾಗುತ್ತದೆ. ಭಾಗಗಳೆಲ್ಲ ಸರಿಯಿದ್ದೂ ತೊಂದರೆ ನಿಲ್ಲದಿದ್ದರೆ ಸಂಜೆ ಹೊತ್ತು ವೋಲ್ಟೇಜ್ ಅಳೆಸಿ. ಇಳಿಯುತ್ತಿದ್ದರೆ ಸ್ಟೆಬಿಲೈಸರ್ ಹಾಕಿಸಿ, ಜೆಸ್ಕಾಂ ಕಚೇರಿಗೆ ಒಂದು ಅರ್ಜಿಯನ್ನೂ ಕೊಡಿ.

ಇನ್ನು ಅತ್ತೆಯವರ ಮಾತು. ಬಾಗಿಲು ತೆಗೆದಷ್ಟೂ ತೇವ ಒಳಗೆ ಹೋಗುವುದು ನಿಜ. ಆದರೆ ಅದನ್ನು ಕರಗಿಸಲೆಂದೇ ಆ ಹೀಟರ್ ಇರುವುದು. ಸಂಸಾರದ ಮನೆಯಲ್ಲಿ ಫ್ರಿಜ್ ಬಾಗಿಲು ತೆಗೆಯದೆ ಇರಲಾದೀತೆ? ಹೀಟರ್ ಸುಡುವುದು, ಟೈಮರ್ ನಿಲ್ಲುವುದು ನಿಮ್ಮ ಕೈಯಿಂದ ಆದದ್ದಲ್ಲ, ಈ ಉತ್ತರವನ್ನು ಅವರಿಗೇ ಓದಿ ಹೇಳಿ. ಬಾಗಿಲ ರಬ್ಬರ್ ಮಾತ್ರ ಪರೀಕ್ಷಿಸಿ: ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆದರೆ ಬಿಗಿಯಾಗಿ ಬರಬೇಕು. ಸಡಿಲವಾಗಿ ಜಾರಿದ ಕಡೆಯೆಲ್ಲ ಹೊರಗಾಳಿ ನುಗ್ಗುತ್ತಿದೆ. ಹಬೆಯಾಡುವ ಸಾರಿನ ಪಾತ್ರೆಯನ್ನೂ ಹಾಗೆಯೇ ಒಳಗಿಡಬೇಡಿ.

ಬದಲಿಸಿದ ಭಾಗಕ್ಕೆ ಬಿಲ್ಲು ಕೇಳಿ, ಹಳೆಯದನ್ನು ಕೈಗೆ ತೆಗೆದುಕೊಳ್ಳಿ. ಗ್ಯಾಸ್ ತುಂಬಿದ್ದಕ್ಕೆ ರಸೀದಿ ಇದ್ದರೆ ಹಣ ವಾಪಸ್ ಕೇಳಲು ಸಂಕೋಚ ಬೇಡ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದೂ ಆಗದಿದ್ದರೆ ಬಳ್ಳಾರಿಯ ಜಿಲ್ಲಾ ಗ್ರಾಹಕರ ಆಯೋಗವಿದೆ.

ಮಗನಿಗೆ ಸದ್ಯಕ್ಕೆ ಕಂತು ಬೇಡವೆನ್ನಿ. ಫ್ರೀಜರಿನಲ್ಲಿ ಐಸ್ ಆಗುತ್ತಿದೆ ಎಂದರೆ ಕಂಪ್ರೆಸರ್ ದುಡಿಯುತ್ತಿದೆ, ಆರು ವರ್ಷವೇನೂ ಫ್ರಿಜ್ಜಿಗೆ ಮುಪ್ಪಲ್ಲ. ಗೋಡೆಯೊಳಗೆ ಹುದುಗಿದ ಪೈಪೇ ಸೋರುತ್ತಿದೆ ಅಥವಾ ಕಂಪ್ರೆಸರೇ ಹೋಗಿದೆ ಎಂದು ಇಬ್ಬರು ಬೇರೆ ಬೇರೆ ಮೆಕ್ಯಾನಿಕ್‌ಗಳು ನೋಡಿ ಹೇಳಿದರೆ ಆಗ ಹೊಸದರ ಮಾತು.