ಒಂದು ಬೀದಿ, ಒಂದು ಕೊಳವೆ: ನೀರು ಮತ್ತು ಒಳಚರಂಡಿ ಸೇವೆಯಲ್ಲಿ ಸ್ಪರ್ಧೆಗೆ ಎಡೆ ಎಲ್ಲಿದೆ?

ಮೊಬೈಲ್ ಕಂಪನಿಗಳು ಪೈಪೋಟಿಗೆ ಬಿದ್ದು ದರ ಇಳಿಸಿದಂತೆ ನೀರು ಸರಬರಾಜಿನಲ್ಲಿಯೂ ಏಕೆ ಆಗಬಾರದು ಎಂಬ ಪ್ರಶ್ನೆ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಹೋಲಿಕೆ ಆಕರ್ಷಕವಾದುದು, ಆದರೆ ಸರಿಯಾದುದಲ್ಲ. ನೀರು ಭಾರವಾದ ವಸ್ತು; ಒಂದು ಘನ ಮೀಟರ್ ನೀರು ಒಂದು ಟನ್ ತೂಗುತ್ತದೆ. ಅದನ್ನು ಮನೆಗೆ ತಲುಪಿಸುವ ವೆಚ್ಚದ ದೊಡ್ಡ ಪಾಲು ನೆಲದಡಿಯ ಕೊಳವೆಯಲ್ಲಿಯೇ ಹೂತಿರುತ್ತದೆ. ಅದೇ ಬೀದಿಯಲ್ಲಿ ಮತ್ತೊಬ್ಬರು ಎರಡನೆಯ ಕೊಳವೆ ಹಾಕಿದರೆ ವೆಚ್ಚ ಇಮ್ಮಡಿಯಾಗುತ್ತದೆಯೇ ಹೊರತು ಮನೆಗಳ ಸಂಖ್ಯೆ ಹೆಚ್ಚುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ನೀರಿನ ಕಂಪನಿಗಳು ಹೀಗೆಯೇ ಒಂದೇ ಬೀದಿಯಲ್ಲಿ ಕೊಳವೆ ಹಾಕಿ ನಷ್ಟಕ್ಕೀಡಾದವು; ಕೊನೆಗೆ ನಗರವನ್ನು ತಮ್ಮತಮ್ಮೊಳಗೆ ಹಂಚಿಕೊಂಡವು.

ನಮ್ಮ ಜಿಲ್ಲೆಯಲ್ಲಿ ಮೂಲವೂ ಒಂದೇ. ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯ ಮೂಲಕ ಬರುವುದು ಹೇಮಾವತಿ. ಗುಬ್ಬಿಯೂ ಕುಣಿಗಲ್ಲೂ ನೋಡುವುದು ಆ ನಾಲೆಯತ್ತಲೇ. (ಲಿಂಕ್ ಕೆನಾಲ್ ಕುರಿತ ಚರ್ಚೆ ಈ ಲೇಖನದ ವ್ಯಾಪ್ತಿಗೆ ಸೇರಿದ್ದಲ್ಲ.) ನಾಲೆಯ ನೀರಿನ ಹಂಚಿಕೆಯನ್ನು ಮಾರುಕಟ್ಟೆ ನಿರ್ಧರಿಸಲಾರದು.

ಹಾಗಾದರೆ ಸ್ಪರ್ಧೆಗೆ ಎಡೆಯೇ ಇಲ್ಲವೇ? ಇದೆ. 1859ರಲ್ಲಿಯೇ ಎಡ್ವಿನ್ ಚಾಡ್ವಿಕ್ ಅವರು ಕಣದೊಳಗಿನ ಸ್ಪರ್ಧೆ ಬೇರೆ, ಕಣಕ್ಕಾಗಿ ನಡೆಯುವ ಸ್ಪರ್ಧೆ ಬೇರೆ ಎಂದು ವಿಂಗಡಿಸಿದ್ದರು. ಕೊಳವೆಜಾಲ ಒಂದೇ ಇರಲಿ. ಅದನ್ನು ನಡೆಸುವ ಹಕ್ಕಿಗೆ ನಿಗದಿತ ಅವಧಿಗೊಮ್ಮೆ ಟೆಂಡರ್ ನಡೆಯಲಿ ಎಂಬುದು ಎರಡನೆಯದರ ತಿರುಳು. ಕರ್ನಾಟಕದಲ್ಲಿ ಇದರ ಪ್ರಮುಖ ಪ್ರಯೋಗ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಗಳ ಐದು ಪ್ರಾತ್ಯಕ್ಷಿಕಾ ವಲಯಗಳಲ್ಲಿ ನಡೆಯಿತು. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ 2005ರಲ್ಲಿ ಖಾಸಗಿ ನಿರ್ವಾಹಕರೊಂದಿಗೆ ಒಪ್ಪಂದವಾಯಿತು. ದಿನಗಟ್ಟಲೆ ಕಾದು ನೀರು ಹಿಡಿಯುತ್ತಿದ್ದ ಬಡಾವಣೆಗಳಿಗೆ 2008ರ ವೇಳೆಗೆ ದಿನದ 24 ಗಂಟೆಯೂ ನೀರು ಬಂದಿತು. ಆಸ್ತಿ ಸಾರ್ವಜನಿಕರದಾಗಿಯೇ ಉಳಿಯಿತು. ದರ ನಿಗದಿ ನಿರ್ವಾಹಕರ ಕೈಯಲ್ಲಿರಲಿಲ್ಲ. ಅವರ ಸಂಭಾವನೆಯ ಒಂದು ಭಾಗ ಫಲಿತಾಂಶವನ್ನು ಅವಲಂಬಿಸಿತ್ತು. ಆದರೆ ಈ ಯಶಸ್ಸನ್ನೆಲ್ಲ ಸ್ಪರ್ಧೆಯ ಲೆಕ್ಕಕ್ಕೆ ಬರೆಯುವುದು ತಪ್ಪು. ಹಳೆಯ ಕೊಳವೆಗಳ ಬದಲಿಗೆ ಹೊಸ ಜಾಲವೇ ಬಂದಿತ್ತು, ಮನೆಮನೆಗೆ ಮೀಟರ್ ಕೂಡಿಸಲಾಗಿತ್ತು.

ಇಂಗ್ಲೆಂಡ್ 1989ರಲ್ಲಿ ಜಲಸೇವೆಯನ್ನು ಪೂರ್ಣ ಖಾಸಗೀಕರಿಸಿತು. ಅಲ್ಲಿಯೂ 2017ರ ಏಪ್ರಿಲ್‌ನಲ್ಲಿ ಚಿಲ್ಲರೆ ಸೇವೆಯ ಆಯ್ಕೆ ದೊರೆತದ್ದು ವಾಣಿಜ್ಯ ಮತ್ತಿತರ ಗೃಹೇತರ ಗ್ರಾಹಕರಿಗೆ ಮಾತ್ರ, ಮನೆಗಳಿಗಲ್ಲ. ಆ ದೇಶದಿಂದ ಕಲಿಯತಕ್ಕ ಉಪಯುಕ್ತ ವಿಷಯ ಬೇರೆ: ನಿಯಂತ್ರಣ ಸಂಸ್ಥೆಯು ಕಂಪನಿಗಳನ್ನು ಪರಸ್ಪರ ಹೋಲಿಸಿ ದಕ್ಷತೆಯನ್ನು ಅಳೆಯುತ್ತದೆ. ಇದಕ್ಕೆ ಖಾಸಗಿಯವರೇ ಬೇಕೆಂದಿಲ್ಲ. ಉದಾಹರಣೆಗೆ, 2,000 ಜನರ ಗ್ರಾಮಕ್ಕೆ ತಲಾ 55 ಲೀಟರ್‌ನಂತೆ ದಿನಕ್ಕೆ 1,10,000 ಲೀಟರ್ ಬೇಕು. ಬಲ್ಕ್ ಮೀಟರ್ 1,60,000 ತೋರಿಸುತ್ತಿದ್ದು, ಕೊನೆಯ ಬೀದಿಗೆ ನೀರು ಏರದಿದ್ದರೆ, ಉಳಿದ 50,000 ಲೀಟರ್ ಎಲ್ಲಿ ಇಂಗುತ್ತಿದೆ? ಗುಬ್ಬಿ ತಾಲ್ಲೂಕಿನ ಒಂದು ಪಂಚಾಯಿತಿಯನ್ನು ಅಷ್ಟೇ ಆಳದ ಕೊಳವೆಬಾವಿಗಳಿರುವ ಕುಣಿಗಲ್ ತಾಲ್ಲೂಕಿನ ಪಂಚಾಯಿತಿಯೊಂದಿಗೆ, ಪ್ರತಿ ಸಾವಿರ ಲೀಟರಿಗೆ ತಗುಲುವ ವಿದ್ಯುತ್ ಯೂನಿಟ್ಟಿನ ಲೆಕ್ಕದಲ್ಲಿ ಹೋಲಿಸಿದರೆ ಉತ್ತರ ತಾನೇ ಹೊರಬೀಳುತ್ತದೆ.

ಶುದ್ಧ ಕುಡಿಯುವ ನೀರಿನ ಘಟಕಗಳ ನಿರ್ವಹಣೆಗೆ ಟೆಂಡರ್ ಕರೆಯುವಾಗ ಹೆಚ್ಚಿನ ಎಚ್ಚರ ಅಗತ್ಯ. ಮೆಂಬ್ರೇನ್ ಬದಲಾವಣೆಯ ವೆಚ್ಚಕ್ಕಿಂತಲೂ ಕಡಿಮೆ ದರ ನಮೂದಿಸಿ ಗೆದ್ದವರು ಮೆಂಬ್ರೇನನ್ನು ಬದಲಿಸುವುದು ಅನುಮಾನ. ಟಿಡಿಎಸ್ ಮೀಟರ್ ಒಟ್ಟು ಕರಗಿದ ಲವಣವನ್ನು ಅಂದಾಜಿಸುತ್ತದೆಯಷ್ಟೇ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದೆಯೇ ಎಂಬುದನ್ನು ಅದು ತಿಳಿಸದು. ಆದ್ದರಿಂದ ಪಾವತಿಯನ್ನು ತಿಂಗಳಿಗೆ ಇಂತಿಷ್ಟೆಂದು ನೀಡದೆ, ಘಟಕ ನಡೆದ ದಿನಗಳಿಗೂ ಪ್ರಯೋಗಾಲಯದ ಫ್ಲೋರೈಡ್ ವರದಿಗೂ ಜೋಡಿಸತಕ್ಕದ್ದು.

ಶೌಚಗುಂಡಿಗಳನ್ನು ಖಾಲಿ ಮಾಡುವ ಸಕ್ಕಿಂಗ್ ವಾಹನಗಳದು ನಿಜವಾದ ಮುಕ್ತ ಸ್ಪರ್ಧೆ. ಅದರ ಅಪಾಯವೂ ಅಲ್ಲಿಯೇ ಇದೆ. ಮನೆಯವರಿಗೆ ಗುಂಡಿ ಖಾಲಿಯಾದರೆ ಸಾಕು. ಮಲ ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ. ಶುದ್ಧೀಕರಣ ಘಟಕದವರೆಗೆ ಹೋಗುವ ವಾಹನಕ್ಕಿಂತ ಹತ್ತಿರದ ಹಳ್ಳಕ್ಕೆ ಸುರಿಯುವ ವಾಹನದ ಬಾಡಿಗೆ ಕಡಿಮೆಯಿರುತ್ತದೆ, ಕಡಿಮೆ ಬಾಡಿಗೆಯವನೇ ಗೆಲ್ಲುತ್ತಾನೆ. ವಾಹನಗಳ ನೋಂದಣಿ ಮತ್ತು ಗರಿಷ್ಠ ದರದ ಜೊತೆಗೆ, ಬಾಡಿಗೆಯನ್ನು ಮನೆಯವರು ಪಂಚಾಯಿತಿಗೆ ಕಟ್ಟಿ, ವಿಲೇವಾರಿ ಸ್ಥಳದ ರಸೀದಿ ಬಂದ ಬಳಿಕವೇ ಅದನ್ನು ವಾಹನದವರಿಗೆ ಬಿಡುಗಡೆ ಮಾಡುವ ಕ್ರಮವನ್ನು ಉಪವಿಧಿಯಲ್ಲಿ ಸೇರಿಸಬಹುದು.