ಇಂದಿನ ಧಮ್ಮ ಚಿಂತನೆ: ಹಲ್ಲು ಕಚ್ಚಿ ಮಲಗುವವರಿಗೆ





ಕಳೆದ ಭಾನುವಾರ ವಿತಕ್ಕಸಂಠಾನ ಸುತ್ತ ಓದಿ ಮುಗಿಸಿದಾಗ, ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನಮ್ಮ ಗೆಳೆಯರೊಬ್ಬರು ಒಂದು ಪ್ರಶ್ನೆ ಕೇಳಿದರು. ಅವತ್ತು ನನಗೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. "ಕೆಟ್ಟ ಯೋಚನೆ ಬಂದ್ರೆ ಹಲ್ಲು ಕಚ್ಚು ಅಂತ ಬುದ್ಧರೇ ಹೇಳ್ಯಾರಲ್ಲಣ್ಣ. ನಾನೂ ದಿನಾ ಕಚ್ಚಿಕೊಂಡೇ ಇರ್ತೀನಿ. ಮತ್ತೆ ಬೆಳಿಗ್ಗೆ ಎದ್ರೆ ತಲೆ ಯಾಕೆ ಹಿಂಗೆ ಸಿಡಿತೈತಿ?"

ತಿಂಗಳುಗಟ್ಟಲೆ ಅವರಿಗೆ ಇದೇ ಗೋಳು. ಕನ್ನಡಕ ಬದಲಿಸಿದರು, ಪಿತ್ತ ಅಂದುಕೊಂಡು ಕಷಾಯ ಕುಡಿದರು, ಮಾತ್ರೆ ನುಂಗಿದರು. ಕೊನೆಗೆ ಕಾರಣದ ಎಳೆ ಸಿಕ್ಕಿದ್ದು ಅವರ ಮನೆಯವರಿಂದ. ರಾತ್ರಿ ಇವರ ಬಾಯಿಂದ ಒರಳುಕಲ್ಲು ತಿರುವಿದ ಹಾಗೆ ಸಪ್ಪಳವಂತೆ.

ಕೆನ್ನೆಯ ಮೇಲೆ ಕೈ ಇಟ್ಟು ಒಮ್ಮೆ ಹಲ್ಲು ಕಚ್ಚಿ ನೋಡಿ, ಸ್ನಾಯು ಗಟ್ಟಿಯಾಗಿ ಉಬ್ಬುತ್ತದೆ. ಈಗ ಬೆರಳನ್ನು ಕಣತಲೆಗೆ ತನ್ನಿ, ಅಲ್ಲಿಯೂ ಮಿಡಿಯುತ್ತದೆ. ದವಡೆಯನ್ನು ಎತ್ತುವ ಸ್ನಾಯುವಿನ ಒಂದು ಭಾಗ ತಲೆಯ ಪಕ್ಕದಲ್ಲೇ ಬೀಸಣಿಗೆಯಂತೆ ಹರಡಿಕೊಂಡಿದೆ. ರಾತ್ರಿ ಅದು ದುಡಿದರೆ ಬೆಳಿಗ್ಗೆ ನೋಯುವುದು ತಲೆ. ದವಡೆ ಬಿಗಿತ, ಬಾಯಿ ತೆರೆದರೆ ಕಟಕ್ ಎನ್ನುವುದು, ಸವೆದ ಹಲ್ಲು, ತಣ್ಣೀರು ಕುಡಿದರೆ ಜುಮ್ಮೆನ್ನುವುದು, ಇವೂ ಜೊತೆಗಿರಬಹುದು.

ಇನ್ನು ಸುತ್ತದ ಮಾತು. ಮಜ್ಝಿಮ ನಿಕಾಯದ ಈ 20ನೇ ಸುತ್ತದಲ್ಲಿ ಕೆಟ್ಟ ಯೋಚನೆಗೆ ಐದು ಉಪಾಯಗಳಿವೆ. ಹಲ್ಲು ಕಚ್ಚಿ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಮನಸ್ಸನ್ನು ಮನಸ್ಸಿನಿಂದಲೇ ಅದುಮುವುದು ಐದನೆಯದು. ಮೊದಲಿನ ನಾಲ್ಕೂ ಫಲಿಸದಿದ್ದಾಗ ಮಾತ್ರ. ನಮ್ಮ ಗೆಳೆಯರು ನಾಲ್ಕನ್ನೂ ದಾಟಿ ನೇರ ಐದಕ್ಕೇ ಹೋಗಿದ್ದಾರೆ. ಅವರೊಬ್ಬರೇ ಏಕೆ, "ಹಲ್ಲು ಕಚ್ಚಿಕೊಂಡು ಬದುಕು" ಎಂದು ಮಕ್ಕಳಿಗೆ ಹೇಳಿ ಬೆಳೆಸುವವರು ನಾವೆಲ್ಲ.

36ನೇ ಮಹಾಸಚ್ಚಕ ಸುತ್ತವನ್ನೂ ಇದರ ಜೊತೆಗಿಟ್ಟು ಓದಬೇಕು. ಬೋಧಿಗೆ ಮುಂಚೆ ತಾವೇ ಹೀಗೆ ಹಲ್ಲು ಕಚ್ಚಿ ಸಾಧನೆ ಮಾಡಿದ್ದನ್ನು ಬುದ್ಧರು ಅಲ್ಲಿ ಹೇಳಿಕೊಳ್ಳುತ್ತಾರೆ. ಕಂಕುಳಿಂದ ಬೆವರು ಸುರಿಯಿತು, ಛಲವೇನೋ ಕುಂದಲಿಲ್ಲ, ಆದರೆ ದೇಹ ಬಳಲಿ ಅಶಾಂತವಾಯಿತು. ಆಮೇಲೆ ಉಸಿರು ಬಿಗಿಹಿಡಿದರು. ಆಗ ಬಂದ ತಲೆನೋವು ಬಲಿಷ್ಠನೊಬ್ಬ ತಲೆಗೆ ಚರ್ಮದ ಪಟ್ಟಿ ಸುತ್ತಿ ಬಿಗಿದಂತೆ ಇತ್ತು ಎನ್ನುತ್ತಾರೆ. ಬೆಳಿಗ್ಗೆ ತಲೆ ಹಿಡಿದುಕೊಂಡು ಏಳುವವರಿಗೆ ಈ ಪಟ್ಟಿ ಚೆನ್ನಾಗಿ ಗೊತ್ತು! ಕೊನೆಗೆ ಅವರಿಗೆ ದಾರಿ ತೋರಿದ್ದು ಬಿಗಿತವಲ್ಲ, ಬಾಲ್ಯದಲ್ಲಿ ಜಂಬುನೇರಳೆ ಮರದ ನೆರಳಲ್ಲಿ ನಿರಾಳವಾಗಿ ಕುಳಿತಿದ್ದ ನೆನಪು.

ನಮಗೆ ಬೇಕಾದದ್ದು ನಾಲ್ಕನೇ ಉಪಾಯ. ಬಿರಬಿರನೆ ನಡೆಯುತ್ತಿದ್ದವನಿಗೆ "ಏಕಿಷ್ಟು ಅವಸರ?" ಎನಿಸುತ್ತದೆ. ನಿಧಾನಿಸುತ್ತಾನೆ, ನಿಲ್ಲುತ್ತಾನೆ, ಕೂರುತ್ತಾನೆ, ಮಲಗುತ್ತಾನೆ. ದವಡೆಗೂ ಹೀಗೆಯೇ. ಊಟ ಮಾಡುವಾಗ, ಎಂಜಲು ನುಂಗುವಾಗ ಬಿಟ್ಟರೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಕೆಲಸವಿಲ್ಲ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆ ಒತ್ತದೆ ಸುಮ್ಮನೆ ಅಂಗುಳಕ್ಕೆ ತಾಗಿರಲಿ. ಹಗಲಲ್ಲಿ ಫೋನ್ ರಿಂಗಾದಾಗಲೆಲ್ಲ, ಬಾಕಿ ಪುಸ್ತಕ ತೆರೆದಾಗಲೆಲ್ಲ, "ಹಲ್ಲು ಕಚ್ಚಿದ್ದೇನೆಯೇ?" ಎಂದು ನೋಡಿಕೊಳ್ಳುವುದು ಕಾಯಾನುಪಸ್ಸನೆಯೇ, ಬೇರೆ ಆಸನ ಬೇಡ.

ರಾತ್ರಿ ಮಲಗುವ ಮುಂಚೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆಗೆ, ಕಣತಲೆಗೆ 10-15 ನಿಮಿಷ ಇಡಿ. ಮೆಲ್ಲಗೆ ಬೆರಳಿನಿಂದ ತಿಕ್ಕಿ. ಸಂಜೆಯ ಮೇಲೆ ಚಹಾ, ಕಾಫಿ ಬೇಡ. ಮದ್ಯ, ತಂಬಾಕು ಕಡಿಯುವಿಕೆಯನ್ನು ಹೆಚ್ಚಿಸುತ್ತವೆ. ನೋವಿರುವಾಗ ಅಡಿಕೆ, ಚೂಯಿಂಗ್ ಗಮ್, ಗಟ್ಟಿ ಚಕ್ಕುಲಿ ಬಿಡಿ (ಅಡಿಕೆಯನ್ನಂತೂ ಯಾವಾಗಲೂ ಬಿಡಿ, ಬಾಯಿ ಕ್ಯಾನ್ಸರಿನ ಕಾರಣಕ್ಕೆ). ನೋವಿನ ಮಾತ್ರೆ ತಿಂಗಳಿಗೆ 15 ದಿನ ನುಂಗುವಷ್ಟಾದರೆ ಆ ಮಾತ್ರೆಯೇ ತಲೆನೋವು ತರಬಲ್ಲದು.

ಇಷ್ಟಕ್ಕೇ ಎಲ್ಲವೂ ನಿಲ್ಲುತ್ತದೆ ಎಂದಲ್ಲ. ನಿದ್ದೆಯ ಕಡಿಯುವಿಕೆ ನಮ್ಮ ಕೈಯಲ್ಲಿಲ್ಲ. ಚೇತನವೇ ಕಮ್ಮ ಎಂದರು ಬುದ್ಧರು, ನಿದ್ದೆಯಲ್ಲಿ ಚೇತನ ಎಲ್ಲಿಯದು? ಆದ್ದರಿಂದ ನಾಚಿಕೆ ಬೇಡ, ದಂತವೈದ್ಯರಿಗೆ ತೋರಿಸಿ. ನಮ್ಮ ದಾವಣಗೆರೆಯಲ್ಲಿ ಬಾಪೂಜಿ ದಂತ ಕಾಲೇಜಿನಂಥ ಆಸ್ಪತ್ರೆಯೇ ಇದೆ. ಅಳತೆ ತೆಗೆದು ನೈಟ್ ಗಾರ್ಡ್ ಮಾಡಿಕೊಡುತ್ತಾರೆ. ಅದು ಹಲ್ಲನ್ನು ಸವೆತದಿಂದ ಕಾಯುತ್ತದೆ, ಕಡಿಯುವುದನ್ನೇ ನಿಲ್ಲಿಸುತ್ತದೆ ಎಂಬ ಭರವಸೆಯಿಲ್ಲ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ, ಆದರೆ ಕೇಳದೆ ಬಿಡಬೇಡಿ.

ಹಿರಿಯರು ಗಮನಿಸಿ: 50 ದಾಟಿದವರಿಗೆ ಹೊಸದಾಗಿ ಕಣತಲೆ ನೋವು, ಅಗಿಯುವಾಗ ದವಡೆ ಸೋಲುವುದು, ಕಣ್ಣು ಮಂಜಾಗುವುದು ಕಂಡರೆ ಇದು ಹಲ್ಲಿನ ವಿಷಯವಲ್ಲ, ರಕ್ತನಾಳದ ಉರಿಯೂತ ಇರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು, ತಡವಾದರೆ ದೃಷ್ಟಿ ಹೋಗಬಹುದು.

ನಮ್ಮ ಗೆಳೆಯರು ನಾಳೆ ಹಲ್ಲು ತೋರಿಸಲು ಹೋಗುತ್ತಿದ್ದಾರೆ. ಬರುವ ಭಾನುವಾರ ಮಹಾಸಚ್ಚಕ ಸುತ್ತ ಓದೋಣ, ಪುಸ್ತಕ ಇದ್ದವರು ತನ್ನಿ.

ಭವತು ಸಬ್ಬ ಮಂಗಲಂ 🙏